ಬೇವಿಲ್ಲದ ಬಾಗಿಲು

ಪೋತ್ತನೂರು, ರೈಲ್ವೆ ಲೈನ್
28 ಜನವರಿ 1934

ಅಪ್ಪನ ಪಾದಗಳಿಗೆ ಮಗಳು ಈಶ್ವರಿಯ ನಮಸ್ಕಾರ.

ಎರಡು ತಿಂಗಳಿಂದ ಬರೆಯಲಿಲ್ಲವೆಂದು ಬೈಯಬೇಡಿ. ಬರೆಯಲು ಕೂತಾಗಲೆಲ್ಲ ಕುಲದ ಯಜಮಾನ ಲಿಂಗಸಾಮಿಯವರ ಮುಖ ಎದುರಿಗೆ ಬರುತ್ತದೆ. ಕುಲ ಬಿಟ್ಟ ಮಗಳ ಜೊತೆ ಅನ್ನ ನೀರು ಇಲ್ಲವೆಂದು ದೀಪದ ಮುಂದೆ ನಿಮ್ಮಿಂದ ಹೇಳಿಸಿಕೊಂಡವರು ಅವರು. ಕಾಗದದ ಮಾತು ಅವರು ಎತ್ತಲಿಲ್ಲ, ನಮ್ಮ ಪುಣ್ಯ. ಈ ತಮಿಳು ಸೀಮೆಯಲ್ಲಿ ನಮ್ಮ ನೇಕಾರರ ಬೀದಿಯವರೆಲ್ಲ ಕನ್ನಡ ಮಾತಾಡಿದರೂ ಕನ್ನಡದ ಅಕ್ಷರ ಬಲ್ಲವರು ನೀವೊಬ್ಬರೇ, ಅದೂ ಒಂದು ಪುಣ್ಯ.

ನಾವು ಕ್ರೈಸ್ತರಾಗಿ ಜ್ಞಾನಸ್ನಾನ ತೆಗೆದುಕೊಂಡು ಈ ಈಸ್ಟರಿಗೆ ಎರಡು ವರ್ಷವಾಗುತ್ತದೆ. ಇಲ್ಲಿ ಹೇಗಿದ್ದೀಯ ಎಂದು ಕೇಳುತ್ತೀರಿ. ಇವರು ರೈಲು ಡಬ್ಬಿ ಕಟ್ಟುವ ವರ್ಕ್‌ಶಾಪಿನಿಂದ ಮರದ ಪುಡಿ ಮೆತ್ತಿಕೊಂಡು ಬರುತ್ತಾರೆ, ಕೈಕಾಲು ತೊಳೆದು ದೀಪ ಹಚ್ಚುತ್ತಾರೆ. ಒಂದು ಅಧ್ಯಾಯ ಓದಿ, ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾರೆ. ರಾಗ ಬರುವುದಿಲ್ಲ, ಆದರೂ ಹಾಡುತ್ತಾರೆ. ಆಮೇಲೆ ಮಗುವೂ ಸೇರಿ ಮೂವರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ನಮ್ಮ ಬೀದಿಯಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡ ಗಂಡಸನ್ನು ನಾನು ನೋಡಿಲ್ಲ. ನೀವೂ ಸೇರಿ, ಅಪ್ಪ! ಇದು ನನ್ನ ಮನೆ ಎಂದು ನನಗೆ ಅನ್ನಿಸುವುದು ಆ ಹೊತ್ತಿನಲ್ಲಿ.

ಆ ಮನೆಗೇ ಈಗ ಹೆದರಿಕೆ ಹೊಕ್ಕಿದೆ. ಮೂರನೆಯ ಲೈನಿನ ಮನೆಗಳಲ್ಲಿ ಸಿಡುಬು ಎದ್ದಿದೆ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ದಿನಾ ಬೆಳಿಗ್ಗೆ ಬಾಗಿಲು ಬಾಗಿಲು ನೋಡುತ್ತಾ ಬರುತ್ತಾನೆ. ಕಾಯಿಲೆಯ ಮಕ್ಕಳನ್ನು ಹಳಿಯಾಚೆಯ ಶೆಡ್ಡಿಗೆ ಸಾಗಿಸುತ್ತಾರೆ, ತಾಯಂದಿರನ್ನು ಒಳಗೆ ಬಿಡುವುದಿಲ್ಲ. ಇಬ್ಬರು ಹೋದರು, ಒಬ್ಬಳು ಮಾತ್ರ ತಿರುಗಿ ಬಂದಳು. ನಮ್ಮ ಮಗು ತಂಗಮಣಿಗೆ ಚುಚ್ಚಿದ ಲಸಿಕೆ ಹತ್ತಲಿಲ್ಲ, ಇನ್ನೊಮ್ಮೆ ಚುಚ್ಚುತ್ತೇನೆಂದವನು ಬರಲೇ ಇಲ್ಲ. ದಿನಕ್ಕೆ ಹತ್ತು ಸಲ ಅವಳ ಹಣೆ ಮುಟ್ಟಿ ನೋಡುತ್ತೇನೆ.

ಪೊಂಗಲ್ ಕಳೆದ ಮೇಲೆ ಕದ್ದಾದರೂ ಬಂದು ಮೊಮ್ಮಗಳನ್ನು ನೋಡುತ್ತೇನೆಂದು ಅವ್ವ ಹೇಳಿ ಕಳಿಸಿದ್ದಳು. ಈಗ ಬರಕೂಡದೆಂದು ಓದಿ ಹೇಳಿ. ಅವಳಿಗೆ ಈ ಕಾಯಿಲೆ ಬಂದೂ ಇಲ್ಲ, ಚುಚ್ಚಿಸಿಯೂ ಇಲ್ಲ. ನನಗೆ ಬಂದಾಗ ನೋಡಿಕೊಂಡವಳು ಅಜ್ಜಿಯಂತೆ. ಆಗ ಏನು ಮಾಡಿದಿರಿ, ಬರೆಯಿರಿ.

ನಿಮ್ಮ ಮಗಳು
ಈಶ್ವರಿ

---

ಸೋಮನೂರು
2 ಫೆಬ್ರವರಿ 1934

ಚಿರಂಜೀವಿ ಈಶ್ವರಿಗೆ ಅಪ್ಪನ ಆಶೀರ್ವಾದ.

ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುವುದನ್ನು ನಿನ್ನ ಗಂಡ ಕಂಡುಹಿಡಿದನೆಂದು ಮೆರೆಯಬೇಡ. ನಿಮ್ಮವ್ವ ಪಕ್ಕದಲ್ಲಿ ಕೂತರೆ ನನ್ನ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಅದಕ್ಕೇ ದೂರ. ದೊರೈಸಾಮಿ ನನ್ನ ಅಕ್ಕನ ಮಗ, ತಾಯಿಯಿಲ್ಲದವನೆಂದು ನನ್ನ ಹೆಗಲ ಮೇಲೆ ಬೆಳೆದವನು. ಅವನ ರಾಗವೂ ನನಗೆ ಗೊತ್ತು, ರೋಷವೂ ಗೊತ್ತು. ಮಗ್ಗದಲ್ಲಿ ಒಂದು ಎಳೆ ತಪ್ಪಿದರೆ ಮೊಳ ಬಟ್ಟೆ ಬಿಚ್ಚಿಬಿಡುತ್ತಿದ್ದ. ದೇವರ ವಿಷಯದಲ್ಲಿ ಕೇಳಬೇಕೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಕಟ್ಟಿದ ಮನೆಗೆ ಸಿಡುಬಿನ ಅಮ್ಮ ಬಂದಾಗ ನೋಡು ಎಂದು ಅದಕ್ಕೆ ಸೇರಿಸಬೇಕು. ಹೆದರಬೇಡ ಎಂದು ಬರೆಯಲಾರೆ, ಯಾಕೆಂದರೆ ನಾನೇ ಹೆದರಿದ್ದೇನೆ. ನಿನಗೆ ಬಂದಾಗ ಬೇವಿನ ಎಲೆಯ ಮೇಲೆ ಮಲಗಿಸಿದ್ದೆವು. ಒಗ್ಗರಣೆ ಹಾಕಲಿಲ್ಲ. ಎಳನೀರು, ಮಜ್ಜಿಗೆ, ರಾಗಿ ಅಂಬಲಿ ಇಷ್ಟೇ. ಮೂರು ಸಲ ತಲೆಗೆ ಅರಿಸಿನ ಬೇವಿನ ನೀರು ಹುಯ್ಯುವವರೆಗೆ ಒಳಗಿದ್ದವರು ಹೊರಗೆ ಹೋಗಲಿಲ್ಲ, ಹೊರಗಿನವರು ಒಳಗೆ ಬರಲಿಲ್ಲ.

ಮೊದಲು ಮಾಡಬೇಕಾದದ್ದು ಬಾಗಿಲಿಗೆ ಬೇವು ಕಟ್ಟುವುದು. ಬೇವು ಕಂಡರೆ ನಮ್ಮವರು ಬೀದಿಯಿಂದಲೇ ತಿರುಗುತ್ತಾರೆ, ಕಾಣದಿದ್ದರೆ ಕೇಳದೆ ಒಳಗೆ ಬರುತ್ತಾರೆ. ಇದು ಯೇಸುವಿಗೆ ವಿರೋಧವೆಂದು ನಿನ್ನ ಗಂಡ ತಕರಾರು ತೆಗೆದರೆ, ಬೇವಿನ ಮರ ಹುಟ್ಟಿಸಿದವರು ಯಾರೆಂದು ಕೇಳು.

ನಿಮ್ಮವ್ವನಿಗೆ ಎಲ್ಲಾ ಓದಿ ಹೇಳಿದ್ದೇನೆ.

ಇಂತಿ ನಿನ್ನ ಅಪ್ಪ
ನಂಜಪ್ಪನ್

---

ಪೋತ್ತನೂರು
13 ಫೆಬ್ರವರಿ 1934

ಅಪ್ಪಾ,

ಬಂದೇ ಬಿಟ್ಟಿತು. ಮೂರು ದಿನ ಜ್ವರದಲ್ಲಿ ಸುಟ್ಟು, ಇವತ್ತು ಬೆಳಿಗ್ಗೆ ತಂಗಮಣಿಯ ಹಣೆಯಲ್ಲೂ ಅಂಗೈಯಲ್ಲೂ ಕೆಂಪು ಚುಕ್ಕೆ ಎದ್ದಿವೆ. ಒತ್ತಿದರೆ ಚರ್ಮದೊಳಗೆ ಕಾಳಿನ ಹಾಗೆ ಸಿಗುತ್ತವೆ. ಅವಳು ಅಳುವುದನ್ನೂ ನಿಲ್ಲಿಸಿದ್ದಾಳೆ, ಅದೇ ಹೆಚ್ಚು ಹೆದರಿಕೆ.

ನೀವು ಬರೆದಂತೆ ಬೇವಿನ ಸೊಪ್ಪಿನ ಕೊನೆ ಮುರಿದು ತಂದು ಬಾಗಿಲಿಗೆ ಕಟ್ಟಿದೆ. ವರ್ಕ್‌ಶಾಪಿನಲ್ಲಿ ಮಧ್ಯಾಹ್ನದ ಸಂಗು ಊದಿದ ಮೇಲೆ ಇವರು ಊಟಕ್ಕೆ ಬಂದರು. ಹೊಸಿಲಾಚೆಯೇ ನಿಂತರು.

"ಯಾರ್ ಕಟ್ಟಿದ್ದು ಇದ?"

"ನಾನೇ."

"ನಾವು ನೀರಲ್ಲಿ ಮುಳುಗಿ ಎದ್ದಿದ್ದು ಯೇನಕ್ಕೆ ಈಶ್ವರಿ? ಇವತ್ತು ಮಾರಿಗೆ ಬೇವು, ನಾಳಿಗೆ ಕೋಳಿ. ಹೋದ್ ವರ್ಸ ಆರುಮುಗಂ ಮನೇಲಿ ಬೇವು ಕಟ್ಟಿದ್ರು ಅಂತ ಚರ್ಚಲ್ಲಿ ಮೂರು ತಿಂಗ್ಳು ಕರ್ತನ ಭೋಜನಕ್ಕೆ ಸೇರಿಸ್ಲಿಲ್ಲ. ಮರ್ತು ಹೋಯ್ತಾ?"

"ಸಭೆಯೋರು ಬಂದು ಕಾಯ್ಲೆ ಬಂದ ಕೊಳಂದೆಯ ನೋಡ್ಕೋತಾರಾ?"

ಇವರು ಬೇವಿನ ಕೊನೆಯನ್ನು ಕಿತ್ತು ಒಲೆಗೆ ಹಾಕಿದರು. ಹಸಿ ಬೇವು, ಮನೆ ತುಂಬ ಹೊಗೆ. ನಾನು ಕಿರುಚಬೇಕೆಂದಿದ್ದೆ. ಅಷ್ಟರಲ್ಲಿ ಇವರು ದನಿ ಇಳಿಸಿ, "ಬೇವ ಕಂಡ್ರೆ ಇನ್‌ಸ್ಪೆಕ್ಟರ್ ಒಳಗೆ ಬತ್ತಾನೆ. ಎತ್ಕೊಂಡು ಹೋತಾನೆ, ಈಶ್ವರಿ. ಆ ಶೆಡ್ಡಿಗೆ ಹಲಗೆ ಹೊಡೆದಿದ್ದು ನಾನೇ. ಒಳಗೆ ನೋಡಿದೀನಿ," ಎಂದರು.

ಆಗ ನಾನೂ ಸುಮ್ಮನಾದೆ. ಇವರ ಭಕ್ತಿಗೆ ಸುಮ್ಮನಾದದ್ದಲ್ಲ, ಶೆಡ್ಡಿನ ಹೆದರಿಕೆಗೆ. ಮತ್ತೆ ಕಟ್ಟಬಹುದಿತ್ತು, ಕಟ್ಟಲಿಲ್ಲ. ನೆರೆಯವರಿಗೆ ಹಲ್ಲು ಬರುವ ಜ್ವರವೆಂದು ಸುಳ್ಳು ಹೇಳಿದ್ದೇನೆ. ಇಬ್ಬರೂ ದೇವರ ಮುಂದೆ ಮೊಣಕಾಲೂರುತ್ತೇವೆ, ಎದ್ದ ಕೂಡಲೇ ಬಾಗಿಲ ಸಂದಿಯಿಂದ ಬೀದಿ ನೋಡುತ್ತೇವೆ.

ಅವ್ವ ಬಾರದಂತೆ ನೋಡಿಕೊಳ್ಳಿ.

ಈಶ್ವರಿ

---

ಸೋಮನೂರು
15 ಫೆಬ್ರವರಿ 1934

ಈಶ್ವರಿಗೆ,

ನಿನ್ನ ಕಾಗದ ಈಗ ತಲುಪಿತು. ನಿಮ್ಮವ್ವ ಅಲ್ಲಿಗೆ ಬಂದಿದ್ದಾಳಾ? ತಿರುಪ್ಪೂರಿಗೆ ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ನಿನ್ನೆ ಬೆಳಿಗ್ಗೆ ಹೊರಟಳು. ಇವತ್ತು ಅವಳ ತಂಗಿಯ ಗಂಡ ಸುಬ್ಬಯ್ಯನ್ ನೂಲಿಗೆಂದು ಇಲ್ಲಿಗೆ ಬಂದ. ಅವಳು ಅಲ್ಲಿಗೆ ಬರಲೇ ಇಲ್ಲವಂತೆ. ಮೊಮ್ಮಗಳಿಗೆಂದು ಎಳ್ಳುಂಡೆ ಕಟ್ಟುತ್ತಿದ್ದಾಗಲೇ ನನಗೆ ಹೊಳೆಯಬೇಕಿತ್ತು.

ಬಂದರೆ ಹೊಸಿಲು ದಾಟಿಸಬೇಡ. ಬೈದಾದರೂ ಓಡಿಸು. ನನ್ನ ಕೈ ಮಗ್ಗದ ಮೇಲೆ ನಿಲ್ಲುತ್ತಿಲ್ಲ. ಕೂಡಲೇ ಬರೆ.

ಅಪ್ಪ

---

ಪೋತ್ತನೂರು
16 ಫೆಬ್ರವರಿ 1934

ಅಪ್ಪಾ,

ನಿಮ್ಮ ಕಾಗದ ಬರುವ ಎರಡು ದಿನ ಮೊದಲೇ ಅವಳು ಬಂದಾಗಿತ್ತು.

ಬುಧವಾರ ಮಗುವನ್ನು ಜೋಲಿಯಲ್ಲಿ ಮಲಗಿಸಿ ನೀರಿಗೆ ಹೋಗಿದ್ದೆ. ಲೈನಿನ ನಲ್ಲಿ ದೂರ. ತಿರುಗಿ ಬಂದರೆ ಅವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಮಗು ಅವಳ ತೊಡೆಯ ಮೇಲೆ, ಅವಳ ಕೆನ್ನೆ ಮಗುವಿನ ಹಣೆಯ ಮೇಲೆ. ಸೊಂಟದ ಕೊಡ ಜಾರಿ ಬಿತ್ತು.

"ಅವ್ವಾ, ಇಳ್ಸು! ಇಳ್ಸು ಅವಳ್ನ!"

"ಯೇನೇ ಇದು? ಎರಡು ವರ್ಸ ಕಳ್ದು ಬಂದಿದೀನಿ, ಬಾ ಅಂತ ಒಂದು ಮಾತು ಇಲ್ವಾ?" ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಮಗುವಿನ ಎದೆಯ ಬಟ್ಟೆ ಸರಿಸಿದಳು. ಹೊರಗಿನ ಬಿಸಿಲಿನಿಂದ ಬಂದವಳಿಗೆ ಒಳಗಿನ ಕತ್ತಲಲ್ಲಿ ಏನೂ ಕಂಡಿರಲಿಲ್ಲ. ಬಾಗಿಲ ಕಡೆ ತಿರುಗಿದಳು.

"ಬಾಗ್ಲಲ್ಲಿ ಒಂದು ಕೊನೆ ಬೇವು ಇಲ್ವೇ ತಾಯಿ," ಎಂದಳು. "ನಾನು ನೋಡ್ಕೊಂಡೇ ಒಳಗೆ ಬಂದೆ."

ಬೈಯಲಿಲ್ಲ, ಅಳಲಿಲ್ಲ. ಹೋಗು ಹೋಗು ಎಂದು ನಾನು ತಳ್ಳಿದೆ. "ಅಮ್ಮ ಇರೋ ಮನೆಗೆ ಕಾಲಿಟ್ಟೋಳು ಮೂರನೇ ನೀರು ಆಗೋಗಂಟ ಹೋಗಂಗಿಲ್ಲ. ಇನ್ನು ಹೋದ್ರೆ ದಾರೀಲಿ ಇರೋರ್ಗೆಲ್ಲ ಹಂಚ್ಕೊಂಡು ಹೋಗ್ಬೇಕು," ಎಂದು ಸೆರಗು ಸಿಕ್ಕಿಸಿಕೊಂಡಳು. ಇವರು ಸಂಜೆ ಬಂದು ಅವಳನ್ನು ಕಂಡು ಬಾಗಿಲಲ್ಲೇ ಬಿಳಿಚಿಕೊಂಡರು. ಅವ್ವ ಇವರನ್ನು ನೋಡಿ, "ಬಾ ದೊರೈ, ಕೈಕಾಲ್ ತೊಳ್ಕೋ. ಅನ್ನ ಆಗಿದೆ," ಎಂದಳು, ನಿನ್ನೆ ಮೊನ್ನೆ ಕಂಡವಳ ಹಾಗೆ.

ಒಂದೇ ಒಂದು ಮಾತು ಕೇಳುತ್ತೇನೆ, ಮುಚ್ಚಿಡಬೇಡಿ. ನನ್ನ ಮೊದಲ ಕಾಗದದಲ್ಲೇ ಬರಬೇಡವೆಂದು ಬರೆದಿದ್ದೆನಲ್ಲ? ಅವ್ವನನ್ನು ಕೇಳಿದರೆ, "ಅಪ್ಪ ಪೂರ್ತಿ ಓದಿದ್ರು, ಎಲ್ಲಾ ಸೌಖ್ಯ ಅಂತ ಇತ್ತು," ಎನ್ನುತ್ತಾಳೆ.

ಈಶ್ವರಿ

---

ಸೋಮನೂರು
12 ಮಾರ್ಚ್ 1934

ಈಶ್ವರಿ,

ನಿನ್ನ ಪ್ರಶ್ನೆಗೆ ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದೆ. ತಂಗಮಣಿಗೆ ಮೂರನೆಯ ನೀರಾಗಿ, ಹೊಪ್ಪಳೆ ಉದುರಿ, ಅವಳು ಅನ್ನ ಕೇಳಿದಳೆಂದು ನಿಮ್ಮವ್ವ ನಗುತ್ತಾ ಬಂದು ಇಳಿದ ದಿನ ಬದುಕಿದೆ ಎಂದುಕೊಂಡೆ. ಮೂರನೆಯ ದಿನ ಅವಳು ಸೊಂಟ ನೋವೆಂದು ಮಲಗಿದಳು.

ನಿನ್ನ ಮೊದಲ ಕಾಗದ ಓದಿದೆ, ಆದರೆ ಸಿಡುಬಿನ ಸಾಲುಗಳನ್ನೆಲ್ಲ ಬಿಟ್ಟು ಓದಿದೆ. ಕೆಸರು ಬಂದ ಕಡೆ ಪಂಚೆ ಎತ್ತಿಕೊಂಡು ದಾಟುತ್ತಾರಲ್ಲ, ಹಾಗೆ. ಮಗುವಿಗೆ ಚುಚ್ಚಿದ್ದು ಹತ್ತಲಿಲ್ಲವೆಂದು ತಿಳಿದರೆ ಅವಳು ಆ ಕ್ಷಣವೇ ರೈಲು ಹತ್ತುತ್ತಾಳೆ, ಯಜಮಾನನಿಗೆ ತಿಳಿದು ನಮ್ಮನ್ನು ಬೀದಿಗೆ ಹಾಕುತ್ತಾರೆ ಎಂದು ಹೆದರಿದೆ. ಸೌಖ್ಯವೆಂದರೆ ನೆಮ್ಮದಿಯಾಗಿರುತ್ತಾಳೆ ಎಂದುಕೊಂಡೆ. ಸೌಖ್ಯವೆಂದು ಕೇಳಿಯೇ ಅವಳು ಎಳ್ಳುಂಡೆ ಕಟ್ಟಿದಳು. ಓದಲು ಬಾರದವಳಿಗೆ ನಾನು ಕಣ್ಣಾಗಿದ್ದೆ ಈಶ್ವರಿ, ಆ ಕಣ್ಣೇ ಸುಳ್ಳು ಹೇಳಿತು.

ನಿಮ್ಮವ್ವನ ಮೈಯಲ್ಲಿ ಗುಳ್ಳೆಯಿಲ್ಲದೆ ಬೆರಳಿಡಲು ಜಾಗವಿರಲಿಲ್ಲ. ಹನ್ನೆರಡು ದಿನ ನಾನೇ ನೋಡಿಕೊಂಡೆ. ನಮ್ಮ ಬಾಗಿಲಿಗೆ ಬೇವು ಕಟ್ಟಿದೆ, ಬೀದಿಯವರು ತಿರುಗಿ ಹೋದರು, ಇನ್ನಾರಿಗೂ ಹರಡಲಿಲ್ಲ. ಜೀವ ಉಳಿದಿದೆ. ಎರಡು ಕಣ್ಣೂ ಹೋಗಿವೆ. ಮೊನ್ನೆ ರೆಪ್ಪೆ ಬಿಡಿಸಿ ನೋಡಿದೆ, ಒಳಗೆ ಬಿಳಿ ಕಟ್ಟಿದೆ. "ಇನ್ನೂ ಬೆಳಕಾಗ್ಲಿಲ್ವಾ?" ಎಂದು ಕೇಳಿದಳು. ಹೊರಗೆ ಬಟ್ಟೆ ಒಣಗುವ ಬಿಸಿಲಿತ್ತು.

ಕುಲಗೆಟ್ಟವರ ಮನೆಯ ಅನ್ನ ಉಂಡಿದ್ದಕ್ಕೆ ಕುಲದೇವತೆ ಚೌಡಮ್ಮ ಕಣ್ಣು ಕಿತ್ತುಕೊಂಡಳೆಂದು ಊರೆಲ್ಲ ಹೇಳುತ್ತಿದೆ. ನಾನು ತಲೆತಗ್ಗಿಸಿ ಕೇಳಿಕೊಂಡೆ. ನಿಜ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಅಪ್ಪ

---

ಪೋತ್ತನೂರು
17 ಮಾರ್ಚ್ 1934

ಮಾವನವರಿಗೆ ದೊರೈಸಾಮಿ ಮಾಡುವ ನಮಸ್ಕಾರ.

ನನಗೂ ಈಶ್ವರಿಗೂ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿಸಿದವರು ನೀವು. ಆ ಅಕ್ಷರದಲ್ಲಿ ಇಂಥದನ್ನು ಬರೆಯಬೇಕಾಯಿತು.

ಬೇವು ಕಿತ್ತದ್ದು ನಾನು. ಕೀಳುವಾಗ ದೇವರ ಹೆಸರು ಹೇಳಿದೆ. ಸಭೆಯ ಉಪದೇಶಿಯವರ ಬಳಿ ಹೋಗಿ ಹೇಳಿಕೊಂಡರೆ ಅವರು, "ಗುರುತಿಗೆ ಸೊಪ್ಪು ಕಟ್ಟುವುದು ಯಾವ ಪಾಪ? ಆರುಮುಗಂನನ್ನು ನಿಲ್ಲಿಸಿದ್ದು ಹರಕೆಯ ಕೋಳಿ ಕೊಯ್ದದ್ದಕ್ಕೆ. ನನ್ನನ್ನು ಯಾಕೆ ಕೇಳಲಿಲ್ಲ?" ಎಂದರು. ಕೇಳಲು ಹೆದರಿದ್ದೆ ಮಾವ. ಹೊಸದಾಗಿ ಬಂದವನು, ನಂಬಿಕೆ ಸಾಲದವನು ಎಂದುಕೊಂಡಾರೆಂದು.

ಕ್ಷಮಿಸಿ ಎಂದು ಬರೆಯಲು ಕೂತರೆ ಮುಂದಿನ ಸಾಲು ಹೊಳೆಯುವುದಿಲ್ಲ. ಬಂದು ಅತ್ತೆಯ ಕಾಲು ಹಿಡಿಯಬಹುದೇ? ನೀವು ಬಾ ಎಂದರೆ ಬರುತ್ತೇನೆ, ಬೇಡವೆಂದರೆ ಅದೂ ನ್ಯಾಯವೇ.

ನಿಮ್ಮ
ದೊರೈ

---

ಪೋತ್ತನೂರು
2 ಏಪ್ರಿಲ್ 1934

ಅಪ್ಪನಿಗೆ,

ಇವರ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಇವರು ದಿನಾ ಪೋಸ್ಟ್‌ಮ್ಯಾನನ್ನು ಕೇಳುತ್ತಾರೆ, ಆಮೇಲೆ ಏನೂ ಕೇಳದವರ ಹಾಗೆ ಒಳಗೆ ಬರುತ್ತಾರೆ.

ನಿನ್ನೆ ಈಸ್ಟರ್. ಎಲ್ಲರೂ ಹೊಸ ಬಟ್ಟೆಯುಟ್ಟು ಬಂದಿದ್ದರು. ಕರ್ತನ ಭೋಜನದ ರೊಟ್ಟಿ ತೆಗೆದುಕೊಳ್ಳಲು ಜನ ಎದ್ದು ಹೋದರು, ಇವರು ಏಳಲಿಲ್ಲ. ಇವರನ್ನು ಯಾರೂ ತಡೆದಿರಲಿಲ್ಲ. ಮನೆಯಲ್ಲೂ ಹಾಗೇ. ಸಂಜೆ ದೀಪ ಹಚ್ಚುತ್ತಾರೆ, ಪುಸ್ತಕ ತೆರೆಯುತ್ತಾರೆ, ದನಿ ಮಾತ್ರ ಬರುವುದಿಲ್ಲ. ಮೊಣಕಾಲೂರಿ ಗೋಡೆ ನೋಡಿಕೊಂಡು ಎದ್ದುಬಿಡುತ್ತಾರೆ. ಊಟಕ್ಕೆ ನಾನು ಪಕ್ಕದಲ್ಲಿ ಕೂರುವುದನ್ನು ಬಿಟ್ಟಿದ್ದೇನೆ. ಇವರ ಕೈ ನನಗೆ ಕಾಣುತ್ತಿರುತ್ತದೆ, ಆ ಬೇವು ಕಿತ್ತ ಕೈ. ನಾನೂ ಮತ್ತೆ ಕಟ್ಟಲಿಲ್ಲವೆಂಬುದು ನೆನಪಾದಾಗ ಇವರ ಮೇಲಿನ ಕೋಪ ಇನ್ನೂ ಹೆಚ್ಚಾಗುತ್ತದೆ. ಇದು ಯಾವ ನ್ಯಾಯವೋ ತಿಳಿಯದು.

ಪ್ರೀತಿಯ ಮೇಲೆ ಕಟ್ಟಿದ ಮನೆ ಎಂದು ಮದುವೆಯ ದಿನ ಪಾದ್ರಿಗಳು ಹೇಳಿದ್ದರು, ಜ್ಞಾನಸ್ನಾನದ ಮೇಲೆ ಸಭೆಯಲ್ಲಿ ನಮಗೆ ಎರಡನೆಯ ಸಲ ಮದುವೆ ಮಾಡಿದಾಗ. ಹೆದರಿಕೆಯ ಮೇಲೆ ಕಟ್ಟಿದ್ದೆವು ಅಪ್ಪ. ಮೊದಲ ಗಾಳಿಗೇ ಅಲುಗಾಡಿತು. ಇಷ್ಟು ಮೌನವಿರುವ ಮನೆಯಲ್ಲಿ ಮಗುವನ್ನು ಬೆಳೆಸಲು ನನಗೆ ಭಯವಾಗುತ್ತದೆ.

ಹದಿನೈದನೆಯ ತಾರೀಖು ಭಾನುವಾರ ಮಗುವನ್ನು ಕರೆದುಕೊಂಡು ಬರುತ್ತೇನೆ. ತಿರುಗಿ ಹೋಗಲೆಂದು ಬರುತ್ತಿಲ್ಲ. ಅವ್ವನಿಗೆ ನಾನು ಕಣ್ಣಾಗಿರುತ್ತೇನೆ. ಕುಲದವರು ಏನು ದಂಡನೆ ಹೇಳಿದರೂ ಸರಿ. ಇವರಿಗೆ ಇನ್ನೂ ಹೇಳಿಲ್ಲ.

ಈಶ್ವರಿ

---

ಸೋಮನೂರು
7 ಏಪ್ರಿಲ್ 1934

ಈಶ್ವರಿ,

ಯಜಮಾನನನ್ನು ಕೇಳಿದೆ. ಗಂಡನನ್ನು ಬಿಟ್ಟೆನೆಂದು ಚೌಡಮ್ಮನ ಮುಂದೆ ಹೇಳಬೇಕಂತೆ, ಕಾದ ಚಿನ್ನದ ತಂತಿ ನಾಲಿಗೆಗೆ ಮುಟ್ಟಿಸಿ ಒಳಗೆ ಸೇರಿಸಿಕೊಳ್ಳುತ್ತಾರಂತೆ. ನೀನು ಬರುವ ಭಾನುವಾರವೇ ಕುಲದ ಕೂಟ ಕರೆದಿದ್ದಾರೆ.

ಬಾ ಎನ್ನಲು ನನ್ನ ಪ್ರಾಣ ಹಾತೊರೆಯುತ್ತದೆ. ಬಾ ಎಂದು ಬರೆಯಲು ಹೆದರಿಕೆ. ಈ ಸಲ ನಿನ್ನ ಕಾಗದವನ್ನು ಒಂದಕ್ಷರ ಬಿಡದೆ ನಿಮ್ಮವ್ವನಿಗೆ ಓದಿದೆ. ಅವಳು ಕೇಳಿದ್ದು ಇಷ್ಟೇ: "ದೊರೈ ಅವಳ್ನ ಹೊಡೆದ್ನಾ?" ಇಲ್ಲವೆಂದೆ. "ಕುಡ್ದ್ನಾ?" ಇಲ್ಲವೆಂದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಅಪ್ಪ

---

ಸೋಮನೂರು
20 ಏಪ್ರಿಲ್ 1934

ಚಿರಂಜೀವಿ ಈಶ್ವರಿಗೆ,

ಭಾನುವಾರ ನೀನು ರೈಲಿಳಿದಾಗ ಹಿಂದಿನ ಡಬ್ಬಿಯಿಂದ ನಿನ್ನ ಗಂಡನೂ ಇಳಿದದ್ದನ್ನು ನೀನು ನೋಡಿರಲಿಲ್ಲ. ನಾನು ನೋಡಿದೆ. ನನ್ನ ಹಿಂದಿನ ಕಾಗದವನ್ನು ಅವನೂ ಓದಿರಬೇಕು. ಕೂಟದಲ್ಲಿ ನಡೆದದ್ದನ್ನೂ ನೀನು ನೋಡಲಿಲ್ಲ, ಅವ್ವನ ಪಕ್ಕದಲ್ಲಿ ಕೂತಿದ್ದೆ. ಅವನು ಹೇಳುವ ಜಾತಿಯಲ್ಲ, ಅದಕ್ಕೇ ಬರೆಯುತ್ತೇನೆ.

ಗುಡಿಯ ಮುಂದೆ ನಲವತ್ತು ಮಂದಿ ಗಂಡಸರಿದ್ದರು. ಅವನು ಕರೆಯದೆ ಬಂದು ಯಜಮಾನ ಕೂತ ಕಲ್ಲುಚಪ್ಪಡಿಯ ಕೆಳಗೆ ನಿಂತ. "ಅತ್ತೆ ಕಣ್ಣು ಹೋಗಿದ್ದು ಚೌಡಮ್ಮನ ಕೋಪ ಅಲ್ಲ. ಬೇವ ಕಿತ್ತ್ ಹಾಕಿದ್ದು ಈ ಕೈ. ಇನ್‌ಸ್ಪೆಕ್ಟರ್‌ಗೆ ಹೆದ್ರಿದೆ, ಸಭೆಗೆ ಹೆದ್ರಿದೆ. ದೇವ್ರಿಗೆ ಹೆದ್ರಿದೆ ಅಂತ ಹೇಳ್ಕೊಂಡೆ. ಈಶ್ವರಿ ಇಲ್ಲೇ ಇರ್ತೀನಿ ಅಂದ್ರೆ ಬಿಟ್ಟು ಹೋತೀನಿ, ತಡೆಯಲ್ಲ. ಅವಳ ನಾಲಿಗೆ ಮಾತ್ರ ಸುಡಬ್ಯಾಡಿ. ಸುಡೋದಾದ್ರೆ ನಂದು ಇಲ್ಲಿದೆ," ಎಂದ. ಯಜಮಾನನ ತಮ್ಮ ಕರುಪ್ಪುಸಾಮಿ ಕೈಯಲ್ಲಿದ್ದ ಮಗ್ಗದ ಲಾಳಿಯನ್ನು ಎಸೆದ. ಹುಬ್ಬು ಒಡೆಯಿತು. ಅವನು ಒರೆಸಿಕೊಳ್ಳಲಿಲ್ಲ. ಹೆದರಿದ್ದನೆಂದು ನನಗೆ ಗೊತ್ತು. ಆದರೂ ನಿಂತಿದ್ದ.

ಮುಂದಿನದು ನಿನಗೆ ಗೊತ್ತು. ಗದ್ದಲ ಕೇಳಿ ನೀನು ಓಡಿ ಬಂದೆ, ಸೆರಗಿನಿಂದ ಅವನ ಹುಬ್ಬು ಒತ್ತಿ ಹಿಡಿದೆ. ಮಗುವನ್ನು ಅವನ ಕೈಗೆ ಕೊಟ್ಟು, ಮೂಟೆ ನೀನು ಎತ್ತಿಕೊಂಡು, ಸ್ಟೇಷನ್ನಿನ ದಾರಿ ಹಿಡಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಳ್ಳೆಯದೇ ಮಾಡಿದೆ, ನೋಡಿದ್ದರೆ ನಿಲ್ಲು ಎಂದುಬಿಡುತ್ತಿದ್ದೆ.

ನೀವು ಹೋದ ಮೇಲೆ ಯಜಮಾನ ನನ್ನನ್ನು ಕರೆದ. ನನಗೆ ಮಗಳೇ ಇಲ್ಲವೆಂದು ದೀಪದ ಮೇಲೆ ಕೈಯಿಟ್ಟು ಹೇಳಬೇಕಂತೆ. ಹೇಳಿದರೆ ನೀರು, ನೂಲು, ನೆರೆ ಎಲ್ಲವೂ ಉಂಟು. ಕೈ ದೀಪದವರೆಗೆ ಹೋಯಿತು ಈಶ್ವರಿ, ಸುಳ್ಳು ಹೇಳುವುದಿಲ್ಲ. ನನ್ನ ಹೆಗಲ ಮೇಲೆ ಬೆಳೆದವನು ನಲವತ್ತು ಮಂದಿಯ ಮುಂದೆ ನಿಜ ಹೇಳಿ ಹೋಗಿದ್ದಾನೆ, ನಾನು ಅವನ ಹಿಂದೆ ಅವಿತುಕೊಳ್ಳುತ್ತಿದ್ದೇನೆ ಎನ್ನಿಸಿತು. ಕೈ ಹಿಂದಕ್ಕೆ ತೆಗೆದೆ. ಕಾಗದವನ್ನು ಸಾಲು ಬಿಟ್ಟು ಓದಿದ್ದನ್ನು ಹೇಳಿಬಿಟ್ಟೆ. ತಪ್ಪು ಅವನದು ಅರ್ಧ, ನನ್ನದು ಅರ್ಧ, ನನಗೆ ಮಗಳಿದ್ದಾಳೆ ಎಂದೆ. ಕೇಳಿಸಿತೋ ಇಲ್ಲವೋ ಎಂದು ಎರಡು ಸಲ ಹೇಳಿದೆ.

ಮನೆಗೆ ಬಂದೆ. ನಿಮ್ಮವ್ವ, "ಸತ್ಯ ಮಾಡಿದ್ರಾ?" ಎಂದು ಕೇಳಿದಳು. ಇಲ್ಲವೆಂದೆ. "ಅಂಗಾದ್ರೆ ಇಲ್ಲಿ ಯೇನಕ್ಕೆ ಕೂತಿದೀರಿ? ಮೂಟೆ ಕಟ್ಟಿ," ಎಂದಳು.

ಅಂದಿನಿಂದ ಬಾವಿಗೆ ಬಿಡುತ್ತಿಲ್ಲ, ನೂಲು ಕೊಡುತ್ತಿಲ್ಲ. ಶುಕ್ರವಾರ, 27ನೆಯ ತಾರೀಖು, ಬೆಳಗಿನ ರೈಲು ವಂಡಿಗೆ ಇಬ್ಬರೂ ಬರುತ್ತೇವೆ. ಮಗ್ಗದ ಮರಗಳನ್ನು ಬಿಚ್ಚಿ ಕಟ್ಟಿದ್ದೇನೆ. ನಿಮ್ಮ ಲೈನ್ ಮನೆಯಲ್ಲಿ ಮಗ್ಗದ ಗುಂಡಿ ತೋಡಲು ರೈಲ್ವೆಯವರು ಒಪ್ಪುವುದಿಲ್ಲ. ಹೊರಗೆ ಮಣ್ಣಿನ ನೆಲವಿರುವ ಮನೆಯೊಂದನ್ನು ದೊರೈ ನೋಡಲಿ. ಮೊದಲೇ ಹೇಳುತ್ತೇನೆ, ನಾನು ನಿಮ್ಮ ನೀರಿನಲ್ಲಿ ಮುಳುಗುವವನಲ್ಲ. ನೀವು ಪ್ರಾರ್ಥನೆಗೆ ಕೂತಾಗ ನಾನು ಮಗ್ಗದ ಮೇಲೆ ಕೂರುತ್ತೇನೆ, ಸದ್ದು ಮಾಡುವುದಿಲ್ಲ. ಐವತ್ತೆಂಟು ವರ್ಷ ಒಂದೇ ಬೀದಿಯಲ್ಲಿ ಬದುಕಿದವನು. ಭಯವಾಗುತ್ತಿದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇನ್ನೊಂದು ಮಾತು. ನಿಮ್ಮವ್ವ ನಿಮ್ಮ ಮನೆಯಲ್ಲಿದ್ದ ಹನ್ನೊಂದು ದಿನವೂ ದೊರೈ ಸಂಜೆಯ ಪ್ರಾರ್ಥನೆಯಲ್ಲಿ "ಅತ್ತೆಗೆ ಏನೂ ಆಗದಿರಲಿ" ಎಂದು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದನಂತೆ. ಅಡಿಗೆ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಾಳೆ. ಜ್ವರ ಏರಿದಾಗ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, "ದೊರೈ ನನ್ ಹೆಸ್ರು ಹೇಳಿದ್ನಾ?" ಎಂದು ನನ್ನನ್ನು ಕೇಳುತ್ತಿದ್ದಳು. ಬಡಬಡಿಕೆ ಎಂದುಕೊಂಡಿದ್ದೆ. ಅವನು ಈಗ ಬಾಯಿಬಿಟ್ಟು ಪ್ರಾರ್ಥಿಸುವುದಿಲ್ಲವೆಂದು ನಿನ್ನ ಕಾಗದದಲ್ಲಿ ಓದಿದ ದಿನದಿಂದ ಅವಳಿಗೆ ಅದೇ ಚಿಂತೆ. "ನಾನಿನ್ನೂ ಬದುಕಿದೀನಲ್ಲ, ಯೇನಕ್ಕೆ ನಿಲ್ಸಿದ?" ಎನ್ನುತ್ತಾಳೆ.

ಸ್ಟೇಷನ್ನಿಗೆ ನೀನು ಬರುವುದು ಬೇಡವಂತೆ. ರೈಲಿನಿಂದ ಕೈ ಹಿಡಿದು ಇಳಿಸಿಕೊಳ್ಳಲು ದೊರೈಯೇ ಬರಬೇಕಂತೆ. ಬೇರೆ ಯಾರು ಕೈ ಕೊಟ್ಟರೂ ಇಳಿಯುವುದಿಲ್ಲವೆಂದು ಹೇಳಿ ಬರೆಸುತ್ತಿದ್ದಾಳೆ.

ಇಂತಿ ನಿಮ್ಮಿಬ್ಬರ
ಅಪ್ಪ ನಂಜಪ್ಪನ್